ತಿಥಿ ಹುಡುಕಲು ಒಂದು ಜರ್ಮನ್ ಕೋರ್

ಸತ್ತವರ ತಿಥಿ ಗೊತ್ತಿಲ್ಲದಿದ್ದರೆ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಟ್ಟರೆ ಸಾಕು ಎಂದು ಹಿಂದಿನವರು ಉದಾರವಾಗಿ ಅಪ್ಪಣೆ ಕೊಟ್ಟಿದ್ದಾರೆ. ಲಂಡನ್ನಿನ ಇಲ್ಫರ್ಡಿನಲ್ಲಿದ್ದ ಒಬ್ಬ ಹಿರಿಯರಿಗೆ ಮಾತ್ರ ಅದು ಸಾಲಲಿಲ್ಲ. ಅವರ ತಂದೆ ಬೆಂಗಳೂರಿನಿಂದ ಎರಡನೆಯ ಮಹಾಯುದ್ಧಕ್ಕೆ ಹೋದ ಸಿಪಾಯಿ, ಸೇತುವೆ ಕಟ್ಟುವ ಪಡೆಯವರು. ಮಗ ಇನ್ನೂ ತೊಟ್ಟಿಲಲ್ಲಿದ್ದಾಗ ಇಟಲಿಯ ಒಂದು ಹೊಳೆಯ ದಡದಲ್ಲಿ ಕಾಣೆಯಾದರು. ಬ್ರಿಟಿಷರು ಕಳಿಸಿದ ಕಾಗದದಲ್ಲಿ ಮೂರು ತಾರೀಖುಗಳಿದ್ದವು. ಈ ಮೂರರಲ್ಲಿ ಎಂದೋ, ಬಹುಶಃ ಮೃತ. ಹೆಣ ಸಿಗಲಿಲ್ಲ.

ಯಾವ ದಿನ ಎಂದು ತಿಳಿಯಲು ಹಿರಿಯರು ಎದುರು ದಡದಲ್ಲಿದ್ದ ಜರ್ಮನ್ ಸೇನೆಯ ಕೋರ್‌ನ ಚರಿತ್ರೆಯನ್ನು ಮೂವತ್ತು ವರ್ಷಗಳಿಂದ ಬರೆಯುತ್ತಿದ್ದರು. ಕೊಂದವರಿಗೆ ದಿನ ಗೊತ್ತಿರಲೇಬೇಕು ಎಂಬುದು ಅವರ ತರ್ಕ. ಅದನ್ನು ಅಲ್ಲಗಳೆಯುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.

ನನ್ನ ನೇಮಕವಾದದ್ದು ಭಾಷೆಗಾಗಿ. ಕ್ಯಾನರಿ ವಾರ್ಫಿನಲ್ಲಿ ಒಂದು ಜರ್ಮನ್ ಬ್ಯಾಂಕಿಗೆ ಇಪ್ಪತ್ತು ವರ್ಷ ದುಡಿದು, ಆ ಭಾಷೆಯಲ್ಲಿ ಸವಿನಯ ಕ್ಷಮೆ ಕೇಳುವಷ್ಟು ಪಾಂಡಿತ್ಯ ಗಳಿಸಿದ್ದೆ. ನಿವೃತ್ತನಾದ ಮೇಲೆ ಶನಿವಾರ ಬೆಳಿಗ್ಗೆ ಸಟನ್‌ನಲ್ಲಿ ರೈಲು ಹತ್ತಿ, ಫ್ಯಾರಿಂಗ್ಡನ್‌ನಲ್ಲಿ ಬದಲಿಸಿ, ಶತ್ರುವಿನ ಶಿಬಿರಕ್ಕೆ ಹಾಜರಾಗುತ್ತಿದ್ದೆ. ಶಿಬಿರವೆಂದರೆ ಅವರ ಮನೆಯ ಮಹಡಿಯ ಸಣ್ಣ ಕೋಣೆ. ಗೋಡೆಯ ತುಂಬ ಒಂದು ನಕ್ಷೆ: ಮೇಲೆ ಸೇನಾಪತಿ, ಕೆಳಗೆ ಮುಖ್ಯ ಸಹಾಯಕ, ಅವನ ಕೆಳಗೆ ಯುದ್ಧ ನೋಡಿಕೊಳ್ಳುವವನು, ಶತ್ರುವಿನ ಸುದ್ದಿ ಕೂಡಿಸುವವನು, ರೊಟ್ಟಿ ಮತ್ತು ಗುಂಡು ಒದಗಿಸುವವನು.

"ಕೋರ್ ಅಂದ್ರೆ ಏನ್ ಹೇಳಿ ನೋಡಣ" ಎಂದು ಮೊದಲ ದಿನವೇ ನನಗೆ ಪರೀಕ್ಷೆಯಾಯಿತು.

"ದೊಡ್ಡ ಸೈನ್ಯ, ಸಾರ್."

"ಅಲ್ಲ. ಛತ್ರ. ಛತ್ರಕ್ಕೆ ಸ್ವಂತದ್ದು ಅಂತ ಇರೋದು ಮ್ಯಾನೇಜರು, ಅಡುಗೆಯವನು, ಪಾತ್ರೆ. ಮದುವೆಯವರು ಬರ್ತಾರೆ, ಹೋಗ್ತಾರೆ. ಕಾದಾಡೋ ಡಿವಿಜನ್‌ಗಳೂ ಹಂಗೇ. ಇವತ್ತು ಎರಡು, ನಾಳೆ ನಾಲ್ಕು. ಕೋರ್‌ಗೆ ಸ್ವಂತದ್ದು ಆಫೀಸು, ಟೆಲಿಫೋನು, ಒಂದಷ್ಟು ಫಿರಂಗಿ. ಅಷ್ಟೇ."

ಆ ಛತ್ರ ಫ್ರಾನ್ಸಿಗೆ ಹೋಗಿತ್ತು, ರಷ್ಯಾಕ್ಕೆ ಹೋಗಿತ್ತು. ಅಲ್ಲಿ ಮದುವೆಯವರೆಲ್ಲ ಹಿಮದಲ್ಲಿ ಮುಗಿದ ಮೇಲೂ ಮ್ಯಾನೇಜರು ಉಳಿದು, ಇಟಲಿಯಲ್ಲಿ ಹೊಸ ಮದುವೆ ಒಪ್ಪಿಕೊಂಡ. ಹಾದುಹೋದ ಊರುಗಳ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಹಿರಿಯರು ಏನೂ ಬರೆಯದೆ ಒಂದು ಕಪ್ಪು ಚುಕ್ಕೆ ಇಟ್ಟಿದ್ದರು. ಅಲ್ಲಿನ ಜನರಿಗೆ ಏನಾಯಿತೆಂದು ನಾನು ಕೇಳಿದ್ದು ಒಂದೇ ಸಲ.

ಕೆಳಗಿನಿಂದ ಅವರ ಹೆಂಡತಿ ಕೂಗುತ್ತಿದ್ದರು. "ರೀ, ನಿಮ್ ಜನರಲ್‌ಗೆ ಹೇಳಿ, ಉಪ್ಪಿಟ್ಟು ಆರ್ತಾ ಇದೆ."

"ಜರ್ಮನ್ರಿಗೆ ಉಪ್ಪಿಟ್ಟು ಆಗಲ್ಲ ಕಣೆ."

"ಆಗ್ದಿದ್ರೆ ಮೂವತ್ತು ವರ್ಷದಿಂದ ನಮ್ಮನೇಲಿ ಯಾಕ್ ಬಿದ್ದಿದಾರೆ?"

ತಮಾಷೆಯೇನೋ ಹೌದು. ಆದರೆ ಆ ಕೋಣೆಯನ್ನು ಗುಡಿಸಲು ಆಕೆ ಒಬ್ಬರೇ ಹೋಗುತ್ತಿರಲಿಲ್ಲ. ನನಗೂ ಅಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರಲು ಆಗುತ್ತಿರಲಿಲ್ಲ. ಅಷ್ಟು ಜನ ಸತ್ತವರ ರಜೆಯ ದಿನ, ಬಡ್ತಿಯ ದಿನ, ಹಲ್ಲುನೋವಿನ ದಿನವೆಲ್ಲ ಗೊತ್ತಿರುವ ಕೋಣೆಯಲ್ಲಿ ಒಬ್ಬರ ದಿನ ಮಾತ್ರ ಗೊತ್ತಿರಲಿಲ್ಲ. ನಡೆದದ್ದು ಕಂಪನಿಯಿಂದ ಬೆಟಾಲಿಯನ್‌ಗೆ, ರೆಜಿಮೆಂಟಿಗೆ, ಡಿವಿಜನ್‌ಗೆ ವರದಿಯಾಗಿ ಮೆಟ್ಟಿಲು ಹತ್ತುತ್ತದೆ. ಒಂದೊಂದು ಮೆಟ್ಟಿಲಿಗೂ ಕುಗ್ಗುತ್ತದೆ. ಕೋರ್ ಮುಟ್ಟುವ ಹೊತ್ತಿಗೆ ಒಬ್ಬ ಮನುಷ್ಯನ ಸಾವು ಅರ್ಧ ಸಾಲೂ ಇರುವುದಿಲ್ಲ.

ಹೋದ ಚಳಿಗಾಲದಲ್ಲಿ ಆ ಅರ್ಧ ಸಾಲು ಬಂತು. ಜರ್ಮನಿಯ ದಾಖಲೆಮನೆಗೆ ಬರೆದು ತರಿಸಿದ್ದ ಕೋರ್‌ನ ದಿನಚರಿಯ ಪುಟಗಳನ್ನು ಮನೆಗೆ ಒಯ್ದು ಒಂದು ವಾರ ಓದಿದೆ. ಮೂರರಲ್ಲಿ ಎರಡು ದಿನ ಮಳೆ, ಹೊಳೆಯಲ್ಲಿ ನೆರೆ, ವಿಶೇಷವಿಲ್ಲ. ಉಳಿದ ಒಂದು ದಿನದ ಮುಂದೆ ಇಷ್ಟಿತ್ತು: ಮಧ್ಯಾಹ್ನ, ಸೇತುವೆ ಕಟ್ಟುತ್ತಿದ್ದವರ ಮೇಲೆ ಕೋರ್‌ನ ಸ್ವಂತ ಫಿರಂಗಿಗಳ ಗುಂಡು. ಕೆಲಸ ನಿಂತಿತು.

ಶನಿವಾರ ಹೋಗಿ, ಸಿಕ್ಕಿತು ಎಂದೆ. ಹಿರಿಯರು ಕನ್ನಡಕ ತೆಗೆದು ಒರೆಸಿದರು. ಎಂದೂ ಮೇಲೆ ಬಂದು ಕೂರದ ಅವರ ಹೆಂಡತಿ ಆವತ್ತು ಬಂದು ಕೂತರು. ನನ್ನನ್ನು ನೋಡಿಯೇ ಹೇಳಿದರು.

"ನಮ್ಮತ್ತೆ ಹತ್ರ ನೆಂಟ್ರೆಲ್ಲ ಬಂದು ಬಳೆ ತೆಗಿ, ಕುಂಕುಮ ಅಳಿಸು ಅಂತಿದ್ರಂತೆ. ಅವ್ರು ಒಂದೇ ಮಾತು. ಯಾವ ದಿನ ಹೋದ್ರು ಹೇಳಿ, ತೆಗೀತೀನಿ ಅಂತ. ಯಾರೂ ಹೇಳಕ್ಕಾಗ್ಲಿಲ್ಲ. ತೊಂಬತ್ತು ವರ್ಷಕ್ಕೆ ಹೋದಾಗ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಮುತ್ತೈದೆ ಅಂತಾನೇ ಕಳಿಸಿದ್ವಿ." ನಂತರ ಗಂಡನ ಕಡೆ ತಿರುಗಿದರು. "ಈಗ ದಿನ ಬಂತಲ್ಲ. ಹೇಳ್ತೀರಾ ನಿಮ್ಮಮ್ಮಂಗೆ?"

ಹಿರಿಯರು ಗೋಡೆಯ ಸೇನಾಪತಿಯನ್ನು ನೋಡಿದರು. ಅವನಿಂದ ಯಾವ ಆಜ್ಞೆಯೂ ಬರಲಿಲ್ಲ.

"ಮೂರರಲ್ಲಿ ಒಂದೇನಾ?" ಎಂದರು.

"ಒಂದೇ, ಸಾರ್. ಅನುಮಾನ ಇಲ್ಲ."

"ನಿಮ್ಮತ್ರಾನೇ ಇರ್ಲಿ."

ಕೈಯಲ್ಲಿದ್ದ ಪುಟವನ್ನು ನಾನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡೆ. ಅವರು ಕನ್ನಡಕ ಹಾಕಿಕೊಂಡು, "ಮಾರನೇ ತಿಂಗಳು ಯಾವ ಡಿವಿಜನ್ ಬಂದು ಸೇರ್ಕೊಳ್ತು ನೋಡಣ" ಎಂದರು. ಹೆಂಡತಿ ಎದ್ದು ಕೆಳಗೆ ಹೋದರು.

ಈ ವರ್ಷವೂ ಅವರು ಮಹಾಲಯ ಅಮಾವಾಸ್ಯೆಗೇ ಎಡೆ ಇಡುವವರು. ಆದರೆ ಆ ದಿನ, ನನ್ನ ಜೇಬಿನ ದಿನ, ಅದಕ್ಕೂ ಮೊದಲೇ ಬಂತು. ನಾನು ಅವರಿಗೆ ನೆಂಟನಲ್ಲ, ಬಂಧುವಲ್ಲ. ಆದರೂ ಮಧ್ಯಾಹ್ನ ತಟ್ಟೆಯ ಮುಂದೆ ಕೂತವನಿಗೆ ಕೈ ಏಳಲಿಲ್ಲ. ಸತ್ತವರು ತಮ್ಮ ದಿನವನ್ನು ಬಲ್ಲ ಮನೆಗೆ ಬರುತ್ತಾರೆ ಎನ್ನುತ್ತಾರೆ. ಆ ದಿನವನ್ನು ಬಲ್ಲ ಮನೆ ಭೂಮಿಯ ಮೇಲೆ ಇದೊಂದೇ. ಹಿತ್ತಲ ಬಾಗಿಲಿನ ಹೊರಗೆ, ಬೂಟು ಬಿಚ್ಚಲೋ ಬೇಡವೋ ಎಂದು ಯಾರೋ ಕಾದು ನಿಂತಂತೆ ಅನ್ನಿಸಿತು.

"ಯಾರ ತಿಥಿ ಇವತ್ತು?" ಎಂದಳು ನನ್ನ ಹೆಂಡತಿ. ನಲವತ್ತು ವರ್ಷ ಜೊತೆ ಬಾಳಿದವಳಿಗೆ ಅಷ್ಟು ಗೊತ್ತಾಗುತ್ತದೆ.

"ಹೇಳಕ್ಕಾಗಲ್ಲ."

ಅವಳು ಇನ್ನೊಂದು ತಟ್ಟೆ ತೆಗೆದು ತೊಳೆದಳು. "ಏನಾದ್ರೂ ಮಾಡ್ತೀನಿ. ಏನ್ ಇಷ್ಟ ಅವ್ರಿಗೆ?"

ಆ ಸೇನಾಪತಿಗೆ ಯಾವ ಚುರುಟು ಇಷ್ಟವೆಂದು ನನಗೆ ಗೊತ್ತು. ಈ ಸಿಪಾಯಿಗೆ ಏನಿಷ್ಟವೆಂದು ಗೊತ್ತಿರಲಿಲ್ಲ. ಇಲ್ಫರ್ಡಿಗೆ ಫೋನು ಮಾಡಿ ಕೇಳೋಣವೆಂದರೆ, ಆ ದಿನವೇ ಕೇಳಿದರೆ ದಿನ ಯಾವುದೆಂದು ಹೇಳಿಬಿಟ್ಟಂತೆಯೇ. ಅವಳು ತೊಳೆದ ತಟ್ಟೆ ಹಿಡಿದು ನಿಂತೇ ಇದ್ದಳು.