ಮೊದಲೇ ಬಾರಿಸಿದ ಗಂಟೆ

ಎಸ್ತರ್, ಆ ದಿನ ನಿನ್ನ ಸಮಯ ಮುಗಿದಿರಲಿಲ್ಲ. ನಾನು ಬೇಕೆಂದೇ ಗಂಟೆಯನ್ನು ಮೊದಲು ಬಾರಿಸಿದೆ.

ಇಷ್ಟನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು. ಈಗ ತಿಳಿದರೂ ನಿನಗೆ ವಾಪಸು ಬರುವುದೇನೂ ಇಲ್ಲ — ಅದೂ ಗೊತ್ತು.

ನಾನು ಗಣಿತದ ಪ್ರಾಧ್ಯಾಪಕನಾಗಿ ನಿವೃತ್ತನಾಗುವ ಹಿಂದಿನ ವರ್ಷ, ಬೀಜಗಣಿತದಲ್ಲಿ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗಾಗಿ ಧಾರವಾಡದಲ್ಲಿ ಸಮ್ಮೇಳನ ನಡೆಸಿದೆ. ಊಟ, ವಸತಿ, ಕರಿಹಲಗೆ, ಬರೆಯುವ ಖಡು — ಎಲ್ಲವೂ ನಾನು ಹೇಳಿದಂತೆಯೇ ನಡೆಯಬೇಕು. ವೇದಿಕೆಯ ಪಕ್ಕದಲ್ಲಿ ಹಿತ್ತಾಳೆಯ ಗಂಟೆ ಇಟ್ಟುಕೊಂಡು ನಾನೇ ಕೂರುತ್ತಿದ್ದೆ. ನಾನು ಬಾರಿಸಿದರೆ ಎಂಥ ದೊಡ್ಡವರೂ ಮಾತು ನಿಲ್ಲಿಸುತ್ತಿದ್ದರು. ಯಾರೂ ತಮ್ಮ ಗಡಿಯಾರ ನೋಡಿಕೊಳ್ಳುತ್ತಿರಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಪ್ರತಿಯೊಬ್ಬ ವಿದ್ಯಾರ್ಥಿಯೂ ಹಿಂದಿನ ದಿನ ನನ್ನೆದುರು ಒಮ್ಮೆ ಮಾತಾಡಿ ತೋರಿಸಬೇಕೆಂಬುದೂ ನನ್ನದೇ ನಿಯಮ. ನೀನೂ ತೋರಿಸಿದೆ. ಗ್ರೂಪಿನಲ್ಲಿರುವ ಅಂಶಗಳು ಅನಂತವಾಗಿದ್ದರೆ ನಿನ್ನ ಪ್ರಮೇಯದ ಸಾಧನೆಯ ಮೂರನೆಯ ಹೆಜ್ಜೆ ಹೇಗೆ ನಿಲ್ಲುತ್ತದೆ ಎಂದು ನಾನೇ ಕೇಳಿದೆ. ನೀನು ಹಲಗೆಯ ಮೂಲೆಯಲ್ಲಿ ಎರಡು ಸಾಲು ಬರೆದೆ. ಸರಿಯಾಗಿತ್ತು. ಚೆಂದವಾಗಿತ್ತು ಎನ್ನಬೇಕು — ಆಗ ಅನ್ನಲಿಲ್ಲ. ಅಂದದ್ದು ಇಷ್ಟೇ: "ನಾಳೆ ಇದನ್ನ ಬಿಡವಾ, ವ್ಯಾಳ್ಯಾ ಸಾಲೂದಿಲ್ಲ. ಯಾರರ ಕೇಳಿದ್ರ ಹೇಳು."

ಮರುದಿನ ಕೇಳಿದವರು ನನ್ನ ಗುರುಗಳು. ಮೂಲತಃ ಧಾರವಾಡದವರೇ, ಕಾಯಿಲೆಯಿಂದ ಎದ್ದು ಪುಣೆಯಿಂದ ಬಂದಿದ್ದರು. ಸಮ್ಮೇಳನ ಏರ್ಪಾಡಾದದ್ದೇ ಅವರ ಗೌರವಕ್ಕೆ. "ಗ್ರೂಪ್ ಅನಂತ ಇದ್ದರ ನಿನ್ನ ಮೂರನೇ ಹೆಜ್ಜಿ ಬಿದ್ದ ಹೋಗತದಲ್ಲ ತಂಗೀ?" ಎಂದರು. ಸಭೆ ನಕ್ಕಿತು. ನೀನು ಗಾಬರಿಯಾಗಲಿಲ್ಲ. ಖಡು ಎತ್ತಿಕೊಂಡು ಹಲಗೆಯತ್ತ ತಿರುಗಿದೆ. ಆ ಎರಡು ಸಾಲು ಮೂಡಿದರೆ ತುಂಬಿದ ಸಭೆಯಲ್ಲಿ ಗುರುಗಳ ಮಾತು ಸುಳ್ಳಾಗುತ್ತದೆ — ನನ್ನ ಕೈ ಗಂಟೆಗೆ ಹೋಯಿತು. ನೀನು ಖಡು ಇಟ್ಟು ಕೆಳಗಿಳಿದೆ.

ಗುರುಗಳು ಅಂಥವರಲ್ಲ. ಉತ್ತರ ಕೇಳಿದ್ದರೆ ಅವರೇ ಮೊದಲು ಚಪ್ಪಾಳೆ ತಟ್ಟುತ್ತಿದ್ದರು. ಅಂಜಿದವನು ನಾನು.

ಊಟಕ್ಕೆ ಕೂತಾಗ ಅವರು ನಿನ್ನ ಮಾರ್ಗದರ್ಶಕರಿಗೆ, ಹುಡುಗಿ ಜಾಣಿ, ಆದರೆ ಸಾಧನೆ ನಿಲ್ಲುವುದಿಲ್ಲ ಎಂದರು. ಮಾರ್ಗದರ್ಶಕರು ಗಣಿತದ ಬೇರೆ ಶಾಖೆಯವರು. ದೊಡ್ಡವರ ಮಾತನ್ನು ನಂಬಿದರು. ಇಬ್ಬರ ನಡುವೆ ಕೂತು ನಾನು ಉಣ್ಣುತ್ತಿದ್ದೆ. ಒಂದು ಮಾತು — ಒಂದೇ ಒಂದು ಮಾತು ಸಾಕಿತ್ತು. ಆಮೇಲೆ ನೀನು ವಿವರಿಸಲು ಹೋದಾಗ ಮಾರ್ಗದರ್ಶಕರು ಕಿವಿಗೊಡಲಿಲ್ಲವಂತೆ, ವಿಷಯ ಬದಲಿಸು ಎಂದರಂತೆ. ನೀನು ಸಂಶೋಧನೆಯನ್ನೇ ಬಿಟ್ಟೆ.

ಕೆಲವು ವರ್ಷಗಳ ನಂತರ ಅದೇ ಪ್ರಮೇಯ ಬೇರೆ ದೇಶದವರ ಹೆಸರಿನಲ್ಲಿ ಅಚ್ಚಾಯಿತು. ನಿನ್ನವೇ ಹೆಜ್ಜೆಗಳು. ಅಷ್ಟರಲ್ಲಿ ಗುರುಗಳು ತೀರಿಕೊಂಡಿದ್ದರು. ನಾನು ಓದಿ, ಆ ಪತ್ರಿಕೆಯನ್ನು ಕಪಾಟಿಗೆ ಸೇರಿಸಿದೆ.

ಹೋದ ತಿಂಗಳು ಧಾರವಾಡದ ಮಾಳಮಡ್ಡಿಯಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಹುಬ್ಬಳ್ಳಿಯ ಮಿಷನ್ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೀಯಂತೆ. ಆ ದಿನದ ಮಾತನ್ನು ನೀನೇ ತೆಗೆದೆ, ನಗುತ್ತಲೇ.

"ತಪ್ಪು ನಂದರಿ ಸರ್. ಭಾಳ ಸಾವಕಾಶ ಹೇಳಿದೆ. ಸ್ವಲ್ಪ ಲಗೂ ಹೇಳಿದ್ದರ ಆ ಎರಡ ಸಾಲು ಬರ್ಯಾಕ ವ್ಯಾಳ್ಯಾ ಸಿಗತಿತ್ತು. ಈಗ ಸಾಲ್ಯಾಗ ಹುಡುಗರಿಗೂ ಅದನ್ನ ಹೇಳತೇನ್ರಿ, ಲಗೂ ಮುಗಸ್ರಿ ಅಂತ."

ಇಷ್ಟು ವರ್ಷ ನೀನು ಅದನ್ನು ನಿನ್ನ ತಪ್ಪೆಂದೇ — ಆಗಲಾದರೂ ನಾನು ನಿಜ ಹೇಳಬಹುದಿತ್ತು. ಇದ್ದವರು ನಾವಿಬ್ಬರೇ. ಕಾಯಬೇಕಾದ ಮರ್ಯಾದೆ ಯಾರದೂ ಉಳಿದಿರಲಿಲ್ಲ, ನನ್ನದೊಂದನ್ನು ಬಿಟ್ಟು.

"ಇರಲಿ ಬಿಡವಾ, ಎಲ್ಲಾರೂ ಒಮ್ಮೊಮ್ಮೆ ತಪ್ಪತಾರ," ಎಂದೆ.

ನಾನು ನಿನ್ನನ್ನು ಕ್ಷಮಿಸಿದೆ, ಎಸ್ತರ್. ನೀನು ಕೈ ಮುಗಿದು ಬಸ್ಸಿನತ್ತ ಹೋದೆ.