ಒಂದು ಡಬ್ಬಕ್ಕೆ ಎರಡು ವೈರು

ಸ್ವಿಚ್ಚು ಕಂಡರೆ ಬೈರಯ್ಯನ ಕೈ ಸುಮ್ಮನಿರುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಶಿಫ್ಟಿನಲ್ಲಿದ್ದಾಗ, ನಾನು ಊಟದ ಡಬ್ಬಿ ಮುಚ್ಚುವುದರೊಳಗೆ ತಲೆಯ ಮೇಲಿನ ಫ್ಯಾನು ನಿಲ್ಲಿಸಿರುತ್ತಿದ್ದ. ಲಗ್ಗೆರೆಯ ಮನೆಯಲ್ಲಿ ಹೆಂಡತಿ ಇಂದ್ರಮ್ಮ ಟೀವಿ ಮುಂದೆ ಸ್ವಲ್ಪ ತೂಕಡಿಸಿದರೂ ಟೀವಿ ಆಫ್. ಕಾರ್ಖಾನೆ ಮುಚ್ಚಿದ ಮೇಲೆ ನಾನು ವೈರಿಂಗ್ ಕೆಲಸಕ್ಕಿಳಿದೆ. ಅವನು ಹೊಸಹಳ್ಳಿ ಮೆಟ್ರೊ ಪಕ್ಕದ ಒಂದು ರಕ್ತ ಪರೀಕ್ಷೆ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ. ಅಲ್ಲಿ ಕರೆಂಟ್ ಬಿಲ್ ಇಳಿಯಿತು. ಮಾಲೀಕ ಯೋಗಾನಂದ ರಾಜ್ಯೋತ್ಸವದ ದಿನ ಅವನಿಗೆ ಶಾಲು ಹೊದಿಸಿ, ಇವನನ್ನು ನೋಡಿ ಕಲಿಯಿರಿ ಎಂದು ಎಲ್ಲರೆದುರು ಭಾಷಣ ಬಿಗಿದರು. ಶಾಲು ಬಿದ್ದ ಮೇಲೆ ಮನುಷ್ಯ ಸುಮ್ಮನೆ ಕೂರುತ್ತಾನೆಯೇ?

ಎರಡು ದಿನ ಕಳೆಯುವುದರೊಳಗೆ ಲ್ಯಾಬಿನ ಸರ್ವರ್, ಅಂದರೆ ಎಲ್ಲ ರಿಪೋರ್ಟುಗಳೂ ಹಾದುಹೋಗುವ ದೊಡ್ಡ ಕಂಪ್ಯೂಟರ್, ಆಮೆಯಾಯಿತು. ಖಾಲಿ ಹೊಟ್ಟೆಯಲ್ಲಿ ಬಂದ ಶುಗರ್ ಪೇಷೆಂಟುಗಳು ಹೆಸರು ಬರೆಸುವುದಕ್ಕೇ ಮುಕ್ಕಾಲು ಗಂಟೆ ಕಾದು ಕೂಗಾಡಿದರು.

ಸರ್ವರ್ ನೋಡಿಕೊಳ್ಳುವ ಹುಡುಗಿ ಸ್ಮೃತಿ ಸೇರಿ ನಾಲ್ಕೇ ತಿಂಗಳು. ಕೆಲಸ ಇನ್ನೂ ಕಾಯಂ ಆಗಿಲ್ಲ. ಯೋಗಾನಂದರೇ ಹೇಳಿದರೆಂದು ಮೆಷಿನ್ನನ್ನು ಕರೆಂಟ್ ಉಳಿಸುವ ಸೆಟ್ಟಿಂಗಿಗೆ ಹಾಕಿದ್ದಳು. ಈಗ ತಪ್ಪೆಲ್ಲ ಅವಳದೇ ಎಂದಾಯಿತು. ಆ ಸೆಟ್ಟಿಂಗ್ ತೆಗೆದು ಪೂರ್ತಿ ಸ್ಪೀಡಿಗೆ ಇಟ್ಟಳು. ಮೂರು ಗಿಗಾಹರ್ಟ್ಸ್ ವೇಗದಲ್ಲಿ ಓಡಬೇಕಾದ ಪ್ರೊಸೆಸರ್ ಒಂದನ್ನೂ ದಾಟಲಿಲ್ಲ. ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಹೊರಗಿನಿಂದ ಕರೆಸಿದ ಎಕ್ಸ್‌ಪರ್ಟ್ ಮೆಷಿನ್ ಮುಟ್ಟಲೂ ಇಲ್ಲ, ಹೊಸದು ತಗೊಳ್ಳಿ ಎಂದು ಹೇಳಿ ಕಾಫಿ ಕುಡಿದು ಹೋದ. ದೊಡ್ಡ ವಿದ್ಯೆ ಕಲಿಯುವುದು ಇದಕ್ಕೇ ಇರಬೇಕು. ಶನಿವಾರದೊಳಗೆ ಸರಿಯಾಗದಿದ್ದರೆ ಸೋಮವಾರ ಬರಬೇಡ ಎಂದು ಯೋಗಾನಂದ ಹುಡುಗಿಗೆ ಹೇಳಿಬಿಟ್ಟರು.

ಬೈರಯ್ಯನಿಗೆ ಪಾಪ ಎನಿಸಿತು. ಅವಳಿಗೆ ಮಜ್ಜಿಗೆ ತಂದುಕೊಟ್ಟು, ಈಗಿನ ಮೆಷಿನ್ನುಗಳಿಗೆ ಮೈಬಗ್ಗಿಸಿ ದುಡಿಯುವ ಗುಣವೇ ಇಲ್ಲ ಎಂದು ಸಮಾಧಾನ ಹೇಳಿದ.

ಶನಿವಾರ ಕರೆಂಟ್ ಲೈನ್ ನೋಡಲು ನನ್ನನ್ನು ಕರೆಸಿದರು. ಲೈನ್ ಸರಿಯಾಗಿಯೇ ಇತ್ತು. ಅಷ್ಟು ಹೊತ್ತಿಗೆ ಸ್ಮೃತಿ ಸೆಟ್ಟಿಂಗುಗಳ ಸಹವಾಸ ಬಿಟ್ಟು, ಮೆಷಿನ್ ತನ್ನೊಳಗೇ ಬರೆದಿಟ್ಟುಕೊಳ್ಳುವ ದಿನಚರಿ ಓದುತ್ತಿದ್ದಳು. ರಾಜ್ಯೋತ್ಸವದ ಮಾರನೆಯ ದಿನ ಸಂಜೆ, ಕರೆಂಟ್ ಒಳಗೆ ತರುವ ಎರಡು ಪವರ್ ಸಪ್ಲೈಗಳಲ್ಲಿ ಒಂದು ಹೋಯಿತು ಎಂದಿತ್ತು. ಒಂದೇ ಉಳಿದರೆ ಅದರ ಮೇಲೆ ಭಾರ ಬೀಳದಿರಲೆಂದು ಆ ಮೆಷಿನ್ ತಾನೇ ವೇಗ ಇಳಿಸಿಕೊಳ್ಳುತ್ತದಂತೆ, ಸೆಟ್ಟಿಂಗ್ ಏನೇ ಇರಲಿ. ನನಗೆ ಮೈ ಉರಿಯಿತು. ಒಂದು ಹೋದರೂ ಇನ್ನೊಂದಿರಲೆಂದೇ ಎರಡು ಬೇರೆ ಬೇರೆ ಲೈನ್ ಎಳೆದುಕೊಟ್ಟವನು ನಾನು. ಮೆಷಿನ್ನಿನ ಹಿಂದೆ ಬಗ್ಗಿ ನೋಡಿದರೆ, ಒಂದು ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಯಾರೋ ಮೊಳೆಗೆ ನೇತುಹಾಕಿದ್ದರು. ಎಚ್ಚರಿಸಬೇಕಾದ ಹಳದಿ ದೀಪದ ಮೇಲೆ ಕಪ್ಪು ಟೇಪು.

ಸ್ಮೃತಿ ವೈರು ಸಿಕ್ಕಿಸಿದಳು. ವೇಗ ಸರ್ರನೆ ಏರಿತು. ಆಗ ಯೋಗಾನಂದ ಒಳಗೆ ಬಂದರು.

"ಏನಮ್ಮಾ, ಕೊನೆಗೂ ನಿನ್ ಸೆಟ್ಟಿಂಗ್‌ದೇ ತಪ್ಪು ತಾನೆ?"

ಅವಳು ಮೊಳೆಯ ಕಡೆ ನೋಡಿದಳು, ಹೆಸರು ಹೇಳಲಿಲ್ಲ. ಬಾಗಿಲಲ್ಲಿದ್ದ ಬೈರಯ್ಯನೇ ಮುಂದೆ ಬಂದ.

"ಕಿತ್ತಿದ್ದು ನಾನು ಸಾರ್, ದೀಪಕ್ಕೆ ಟೇಪ್ ಅಂಟಿಸಿದ್ದೂ ನಾನೇ. ಒಂದು ಡಬ್ಬಕ್ಕೆ ಎರಡು ವೈರ್ ಯಾಕೆ, ಒಂದ್ರಲ್ಲೇ ಓಡ್ತಾ ಇತ್ತಲ್ಲ ಅಂತ. ಆ ಮಗೂದೇನೂ ತಪ್ಪಿಲ್ಲ."

ಯೋಗಾನಂದ ಬೈಯಲು ಬಾಯಿ ತೆರೆದರು. ಬೈದರೆ ತಮ್ಮ ಭಾಷಣವನ್ನೇ ಬೈದ ಹಾಗಾಗುತ್ತಿತ್ತು, ಮುಚ್ಚಿಕೊಂಡರು. ಸ್ಮೃತಿ ಸಿಕ್ಕ ಸಮಯ ಬಿಡಲಿಲ್ಲ. ಕೆಲಸ ಕಾಯಂ ಮಾಡುವ ಕಾಗದವನ್ನು ಅಲ್ಲೇ ಟೈಪ್ ಮಾಡಿ ಮುಂದಿಟ್ಟಳು. ಪ್ರಿಂಟ್ ಬಹಳ ಬೇಗ ಬಂದಿದ್ದರಿಂದ ಯೋಚಿಸಲು ಪುರಸೊತ್ತಿಲ್ಲದೆ ಅವರು ಸಹಿ ಹಾಕಿದರು.

ಬೈರಯ್ಯ ಮಾತ್ರ ಚೀಲ ತಗಲಿಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ಹೋಗು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಎಲ್ಲಿಗೆ ಹೊರಟ್ರಿ ಬೈರಣ್ಣ? ಬನ್ನಿ ಒಳಗೆ, ಯಾವ ವೈರ್ ಯಾಕಿದೆ ಅಂತ ತೋರಿಸ್ತೀನಿ," ಎಂದಳು ಸ್ಮೃತಿ.

ಹೋದ. ಹೋಗಿ, ಎರಡನೇ ವೈರು ದಂಡವೇ ಎಂದು ಅರ್ಧ ಗಂಟೆ ಅವಳ ಜೊತೆಗೇ ವಾದ ಮಾಡಿದ.