ಹುಳುಮನೆಯ ಬಾಗಿಲಲ್ಲಿ ಓಟಿಪಿ

ಕಳೆದ ಸೋಮವಾರ ಕನಕಪುರದ ಒಂದು ಆನ್‌ಲೈನ್ ಸೆಂಟರಿನಲ್ಲಿ ಬೆಳಗಿನಿಂದ ಸುಮ್ಮನೆ ಕೂತಿದ್ದೆ. ಸಂಬಳ ಕೊಟ್ಟು ಕೂರಿಸಿದ್ದರು ಅಂದರೆ ನಂಬುತ್ತೀರಾ?

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಆಸ್ಪತ್ರೆಗಳ ಆನ್‌ಲೈನ್ ಬುಕಿಂಗ್ ಪೇಜ್ ರೂಪಿಸುವುದು. ಈಗ ಆಫೀಸಿನಲ್ಲಿ ಡಿಸೈನ್ ಥಿಂಕಿಂಗ್ ತರಬೇತಿ ಶುರುವಾಗಿದೆ. ಮೊದಲ ಪಾಠ: ಜನ ಹೇಗೆ ಬಳಸುತ್ತಾರೆ, ಹೋಗಿ ನೋಡಿ. ಎರಡನೆಯದು: ಬಾಯಿ ಬಿಡಬೇಡಿ, ಸಹಾಯ ಮಾಡಬೇಡಿ. (ಎರಡನೆಯದು ನನಗೆಷ್ಟು ಕಷ್ಟ ಅಂತ ನನ್ನ ಗಂಡನನ್ನು ಕೇಳಿ.)

ಒಬ್ಬರು ಪಾಸ್‌ವರ್ಡನ್ನು ರೇಷನ್ ಕಾರ್ಡಿನ ಹಿಂದೆ ಬರೆದುಕೊಂಡು ಬಂದಿದ್ದರು. ನೋಟ್ ಮಾಡಿಕೊಂಡೆ. ಆಮೇಲೆ ಕಬ್ಬಾಳು ಕಡೆಯ ಹಳ್ಳಿಯಿಂದ ನಿಂಗಮ್ಮಜ್ಜಿ ಬಂದರು. ಬಲಗಣ್ಣಿಗೆ ಪೊರೆ, ಎಡಗಣ್ಣೂ ಮಂಜು. ಆಪರೇಷನ್‌ಗೆ ದಿನ ಬುಕ್ ಮಾಡಬೇಕು. ಸೆಂಟರಿನ ಮಂಗಳಾ ತೆರೆದದ್ದು ನಮ್ಮದೇ ಪೇಜ್. ಈ ತಿಂಗಳಿಗೆ ಎರಡೇ ಜಾಗ ಉಳಿದಿತ್ತು. ಇವತ್ತು ತಪ್ಪಿದರೆ ಮುಂದಿನ ತಿಂಗಳೇ ಅಂದರು ಮಂಗಳಾ.

ಹೆಸರು, ವಯಸ್ಸು ಎಲ್ಲ ಆಯಿತು. ಓಟಿಪಿ ಹೋಯಿತು, ಸೊಸೆ ಸಾಕಮ್ಮನ ಫೋನಿಗೆ. ಮನೆಗೆಲ್ಲ ಇರುವುದು ಅದೊಂದೇ ಫೋನು. ಮಂಗಳಾ ಕರೆ ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಓಟಿಪಿಗೆ ಇದ್ದ ಮೂರು ನಿಮಿಷದ ಗಡುವು ಮುಗಿಯಿತು. ಇನ್ನೊಂದು ಓಟಿಪಿ. ಮತ್ತೆ ರಿಂಗು. ಮೂರನೆಯದೂ ಹಾಗೇ ಹೋದ ಮೇಲೆ ಕೆಂಪಕ್ಷರ ಬಂತು: ಇಪ್ಪತ್ತನಾಲ್ಕು ಗಂಟೆ ಬಿಟ್ಟು ಪ್ರಯತ್ನಿಸಿ.

ಆ ಮೂರು ನಿಮಿಷ ಯಾರ ತೀರ್ಮಾನ ಗೊತ್ತೆ? ನನ್ನದು. ಸೆಕ್ಯುರಿಟಿ ಅಂತ ಮೀಟಿಂಗಿನಲ್ಲಿ ನಾನೇ ವಾದ ಮಾಡಿ ಗೆದ್ದಿದ್ದೆ. ಸುಮ್ಮನೆ ನೋಡುವ ನಿಯಮವನ್ನು ಅಲ್ಲಿಗೆ ಬಿಟ್ಟು, ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅವರ ಊರಿಗೆ ಹೊರಟೆ. (ತಪ್ಪು ಮಾಡಿದವರಿಗೆ ಎಲ್ಲಿಲ್ಲದ ಉಪಕಾರಬುದ್ಧಿ ಬರುತ್ತದೆ.)

ಫೋನು ಸಿಕ್ಕಿತು. ಹುಳುಮನೆಯ ಹೊರಗೆ, ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಕವರಿನಲ್ಲಿ. ರೇಷ್ಮೆ ಹುಳು ಸಾಕುವ ಕಡೆಗೆ ಊರೆಲ್ಲ ಸುತ್ತಿದ ಫೋನು ಒಯ್ಯುವುದಿಲ್ಲ, ಹುಳುವಿಗೆ ರೋಗ ತಗಲುತ್ತದೆ ಅಂತ. ಫೋನಿನ ಹತ್ತಿರವೇ ಇರಬೇಕೆಂದು ಬೆಳಗ್ಗೆ ಅತ್ತೆ ಸೊಸೆ ಮಾತಾಡಿಕೊಂಡಿದ್ದರಂತೆ. ಆದರೆ ನಾಳೆ ಹಣ್ಣಾಗಿ ನೂಲು ಬಿಡಬೇಕಿದ್ದ ಹುಳು ಇವತ್ತೇ ಹಣ್ಣಾಗಿಬಿಟ್ಟವು. ಹಣ್ಣಾದದ್ದನ್ನು ಆಗಲೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರು ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳು. ಒಂದು ತಿಂಗಳ ದುಡಿಮೆ ಅದು.

ಅತ್ತೆ ಜೊತೆ ನಾನೂ ಬಂದದ್ದು ನೋಡಿ ಸಾಕಮ್ಮನಿಗೆ ಬುಕಿಂಗ್ ತಪ್ಪಿದ್ದು ಗೊತ್ತಾಯಿತು.

"ರಿಂಗು ಕೇಳುಸ್ತು ಕಣತ್ತೆ. ಕೈತುಂಬ ಹುಳ, ಬುಟ್ಟು ಹೆಂಗ್ ಬರ್ಲಿ?" ಅಂದು ಕಣ್ಣೊರೆಸಿಕೊಂಡರು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ನನಗೆ ಒಸಿ ಹಗುರಾಗುತ್ತಿತ್ತೇನೋ. ನಾಚಿಕೆಯಾಗಿ, ಆ ಮೂರು ನಿಮಿಷ ಇಟ್ಟವಳು ನಾನೇ ಅಂತ ಹೇಳಿಬಿಟ್ಟೆ. ಅಜ್ಜಿ ಸಿಟ್ಟೂ ಆಗಲಿಲ್ಲ. ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ, ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು:

"ಹುಳ ಕಾಯಾಕಿಲ್ಲ, ಸರಿ. ನಿಮ್ ಕಂಪ್ಯೂಟ್ರಿಗೆ ಏನವ್ವ ಅವಸ್ರ?"